ಪಟ್ಟಿಯಲ್ಲಿ ನಂಬರ್ ಕಂಡರೆ ಅದು ಡೆಕ್ 2 ಎಂದೇನಲ್ಲ

ರೇಡಿಯೊ ಪ್ರಮಾಣೀಕರಣದ ಪಟ್ಟಿಯಲ್ಲಿ ವಾಲ್ವ್ ಕಂಪನಿಯ ಹೊಸ ಮಾಡೆಲ್ ನಂಬರ್ ಬಂದಿದೆಯಂತೆ, ಅದರ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ ಸ್ಟೀಮ್ ಡೆಕ್‌ನ ಮುಂದಿನ ಪೀಳಿಗೆಗೆ, ಅಂದರೆ ಡೆಕ್ 2ಕ್ಕೆ ಕಾಯಲೇ ಎಂದು ಕೇಳಿದ್ದೀರಿ. ಅಷ್ಟನ್ನೇ ನಂಬಿ ಕಾಯಬೇಡಿ. ವೈಫೈ, ಬ್ಲೂಟೂತ್ ಇರುವ ಯಾವುದೋ ಸಾಧನ ಪರೀಕ್ಷೆ ಪಾಸಾಗಿದೆ ಎಂದಷ್ಟೇ ಅದರರ್ಥ. ಒಳಗಿನ ಚಿಪ್ ಯಾವುದೆಂದು ತಿಳಿಯುವುದಿಲ್ಲ. 2023ರಲ್ಲಿ ದಕ್ಷಿಣ ಕೊರಿಯಾದ ಪಟ್ಟಿಯಲ್ಲಿ 1030 ಎಂಬ ನಂಬರ್ ಕಂಡಾಗ ವಿಆರ್ ಹೆಡ್‌ಸೆಟ್ ಇರಬಹುದೆಂಬ ಊಹೆ ಹಬ್ಬಿತ್ತು. ಆ ನವೆಂಬರಿನಲ್ಲಿ ಬಂದದ್ದು ಸ್ಟೀಮ್ ಡೆಕ್ ಓಎಲ್‌ಇಡಿ, ಅಂದರೆ ಮೊದಲಿನ ಡೆಕ್‌ನದೇ ಉತ್ತಮ ಪರದೆಯ ಆವೃತ್ತಿ. ಹೆಡ್‌ಸೆಟ್, ಅಂದರೆ ಸ್ಟೀಮ್ ಫ್ರೇಮ್, ಘೋಷಣೆಯಾಗಿದ್ದು 2025ರ ನವೆಂಬರಿನಲ್ಲಿ.

ಕಣ್ಣಿಡಬೇಕಾದ್ದು ಚಿಪ್ ಮೇಲೆ. ಬ್ಯಾಟರಿ ಬಾಳಿಕೆ ಈಗಿನಷ್ಟೇ ಇದ್ದು ವೇಗ 20ರಿಂದ 50% ಹೆಚ್ಚಿದರೆ ಡೆಕ್ 2ಕ್ಕೆ ಸಾಲದು ಎಂದು ವಾಲ್ವ್‌ನವರೇ ಹೇಳಿದ್ದಾರೆ.

ಓಎಲ್‌ಇಡಿ ಡೆಕ್ ಚೆನ್ನಾಗಿದೆ: 7.4 ಇಂಚಿನ 90 ಹರ್ಟ್ಸ್ ಪರದೆ, ಹಳೆಯದರ 40ರ ಬದಲು 50 ವ್ಯಾಟ್-ಅವರ್ ಬ್ಯಾಟರಿ. ಆದರೆ ಹಳೆಯ ಎಲ್‌ಸಿಡಿ ಡೆಕ್‌ನಲ್ಲಿ ಸೆಕೆಂಡಿಗೆ 20 ಫ್ರೇಮ್‌ಗೇ ಏದುಸಿರು ಬಿಡುವ ಆಟ ಇದರಲ್ಲೂ ಹೆಚ್ಚುಕಮ್ಮಿ ಹಾಗೇ. ನಿಮಗೆ ಬೇಕಾದ್ದು ಅಂಥ ಆಟಗಳೇ ಆದರೆ ರೈಜೆನ್ ಝಡ್2 ಎಕ್ಸ್‌ಟ್ರೀಮ್ ಚಿಪ್ ಇರುವ ಬೇರೆ ಕಂಪನಿಯ ಯಂತ್ರ ನೋಡಿ. ಭಾರತದಲ್ಲಿ ಸಿಗುವ ಡೆಕ್‌ಗಳು ಆಮದಾದವು, ವಾರಂಟಿ ಕೊಡುವವರು ಯಾರೆಂದು ಅಂಗಡಿಯವರಿಂದ ಬರವಣಿಗೆಯಲ್ಲಿ ಪಡೆದೇ ದುಡ್ಡು ಕೊಡಿ.