ಮೆಣಸಿನಕಾಯಿ ಬ್ಯಾಡಗಿಯಲ್ಲಿ, ಮನೆ ಬೆಂಗಳೂರಿನಲ್ಲಿ?

ಪ್ರಶ್ನೆ: ಬೆಂಗಳೂರಿನ ಐ.ಟಿ. ಕೆಲಸ ಬಿಟ್ಟು, ಎಪಿಎಂಸಿ ದಲಾಲರ ಲೆಕ್ಕಪತ್ರಕ್ಕೆಂದು ಆ್ಯಪ್ ರೂಪಿಸುವ ನವೋದ್ಯಮ ಆರಂಭಿಸುತ್ತಿದ್ದೇನೆ. ಬ್ಯಾಡಗಿಯ ಕೆಲವು ಅಂಗಡಿಯವರು ಬಳಸಿ ನೋಡಲು ಒಪ್ಪಿದ್ದಾರೆ. ಹುಬ್ಬಳ್ಳಿಯಲ್ಲಿ ತಂದೆಯ ಮನೆಯಿದೆ. ಅಲ್ಲಿಗೆ ಮರಳಲೇ, ಹೂಡಿಕೆದಾರರು ಸಿಗುವ ಎಚ್‌ಎಸ್‌ಆರ್ ಬಡಾವಣೆಯಲ್ಲೇ ಉಳಿಯಲೇ? ಪಾಲುದಾರ ಗೆಳೆಯನಿಗೆ ಬೆಂಗಳೂರು ಬಿಡಲು ಮನಸ್ಸಿಲ್ಲ.

ಉತ್ತರ: ಹುಬ್ಬಳ್ಳಿಗೆ ಹೋಗಿ.

ಹೂಡಿಕೆದಾರರನ್ನು ನೀವು ಮೂರು ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ದಲಾಲರನ್ನು ವಾರಕ್ಕೆ ಎರಡು ಸಲ ಕಾಣಬೇಕು. ಬ್ಯಾಡಗಿಯಲ್ಲಿ ವಹಿವಾಟು ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ಆ ದಿನ ತೂಕ, ಹಮಾಲಿ, ರೈತನಿಗೆ ಕೊಟ್ಟ ಮುಂಗಡ, ಎಲ್ಲವೂ ಒಂದೇ ಚೀಟಿಯ ಮೇಲೆ ಗೀಚಿರುತ್ತದೆ. ಆ ಚೀಟಿಯನ್ನು ಕಣ್ಣಾರೆ ನೋಡದೆ ನೀವು ಕಟ್ಟುವ ಆ್ಯಪ್ ದಲಾಲರ ಮೊಬೈಲಿನಲ್ಲಿ ಒಂದು ವಾರವೂ ಉಳಿಯದು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂದದ್ದೂ ಇಲ್ಲಿನ ಗ್ರಾಹಕ ಮೈಕೊ ಕಂಪನಿಗಾಗಿಯೇ, ಹವೆಗಾಗಿ ಅಲ್ಲ.

ಹಣದ ಲೆಕ್ಕವೂ ಹುಬ್ಬಳ್ಳಿಯ ಕಡೆಗೇ ವಾಲುತ್ತದೆ. ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆಯನ್ನು, ಕೆಲವೆಡೆ ಹತ್ತು ತಿಂಗಳದ್ದನ್ನೂ ಮುಂಗಡವಾಗಿ ಕೇಳುತ್ತಾರೆ. ಸಂಬಳವಿಲ್ಲದವರಿಗೆ ಅದು ಸಣ್ಣ ಮೊತ್ತವಲ್ಲ. ಕಂಪನಿ ನೋಂದಣಿಯಾದ 30 ದಿನಗಳೊಳಗೆ ನೋಂದಾಯಿತ ಕಚೇರಿ ಇರಬೇಕು. ಮನೆಯ ವಿಳಾಸವೇ ಸಾಕು, ಆದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಬಾಡಿಗೆ ಮನೆಯ ಮಾಲೀಕರು ‘ಕಂಪನಿ’ ಎಂದೊಡನೆ ಹೌಹಾರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ತಂದೆಯಂತೂ ಸಹಿ ಹಾಕಿಕೊಟ್ಟಾರು.

ಕೊರತೆಯೊಂದಿದೆ, ಮುಚ್ಚಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಹೊಸದಾಗಿ ಎಂಜಿನಿಯರಿಂಗ್ ಮುಗಿಸಿದವರು ಧಾರಾಳವಾಗಿ ಸಿಗುತ್ತಾರೆ. ಹತ್ತು ವರ್ಷ ಪಳಗಿದವರು ಸಿಗುವುದು ಕಷ್ಟ. ಆದ್ದರಿಂದ ಗೆಳೆಯರು ಬೆಂಗಳೂರಿನಲ್ಲೇ ಇದ್ದು ತಂತ್ರಜ್ಞರನ್ನೂ ಹೂಡಿಕೆದಾರರನ್ನೂ ನೋಡಿಕೊಳ್ಳಲಿ. ಯಾರ ಪಾಲಿನ ಕೆಲಸ ಯಾವುದೆಂದು ಈಗಲೇ ಬರೆದಿಡಿ, ಸ್ನೇಹ ಎಷ್ಟೇ ಹಳೆಯದಿರಲಿ. ದೇಶಪಾಂಡೆ ಪ್ರತಿಷ್ಠಾನದ ನವೋದ್ಯಮ ಕೇಂದ್ರವೂ ಹುಬ್ಬಳ್ಳಿಯಲ್ಲಿದೆ, ಒಮ್ಮೆ ಹೋಗಿ ವಿಚಾರಿಸಿ. ಬೆಂಗಳೂರಿಗೆ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ.

ಜನವರಿ ದಾಟಿ ಹಂಗಾಮು ಏರಿದಾಗ ಗೆಳೆಯರನ್ನು ಒಂದು ಸೋಮವಾರ ಬ್ಯಾಡಗಿಗೆ ಕರೆತನ್ನಿ. ಘಾಟಿಗೆ ಸೀನುತ್ತಾ ಆ್ಯಪ್ ತೆರೆಯಲು ಹೆಣಗುವಾಗ, ಗುಂಡಿಗಳು ಇನ್ನಷ್ಟು ದೊಡ್ಡದಿರಬೇಕಿತ್ತೆಂದು ಅವರೇ ಹೇಳಬಹುದು.