ಕಂದಪದ್ಯದ ಲೆಕ್ಕ ತಪ್ಪುತ್ತಿದೆ, ಓದಿಗೆ ಜೊತೆ ಬೇಕು ಎಂದವರಿಗೆ

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಒಬ್ಬರೇ ಎಂ.ಎ.ಗೆ ಹಳಗನ್ನಡ ಓದುತ್ತಿದ್ದೀರಿ, ನಾಲ್ಕು ಸಾಲಿನ ಕಂದಪದ್ಯದ ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಸರಿಬರದೆ ಹುಮ್ಮಸ್ಸೇ ಹೋಗಿದೆ ಎಂದಿದ್ದೀರಿ. ದಯವಿಟ್ಟು ಬಿಡಬೇಡಿ. ಬಹುಪಾಲು ಕಡೆ ಎಡವುವುದು ಒಂದೇ ಜಾಗದಲ್ಲಿ.

ಗುರು ಎಂದರೆ 2 ಮಾತ್ರೆಯ ಅಕ್ಷರ, ಲಘು ಎಂದರೆ 1 ಮಾತ್ರೆಯದು. ಒತ್ತಿನಿಂದ ಗುರುವಾಗುವುದು ಒತ್ತಕ್ಷರದ ಹಿಂದಿನ ಅಕ್ಷರ, ಒತ್ತಕ್ಷರವಲ್ಲ. ‘ಅಮ್ಮ’ದಲ್ಲಿ ‘ಅ’ ಗುರು, ‘ಮ್ಮ’ ಲಘು. ಒಟ್ಟು 3 ಮಾತ್ರೆ. ಕಂದದ 1 ಮತ್ತು 3ನೇ ಸಾಲಿಗೆ 12, 2 ಮತ್ತು 4ನೇ ಸಾಲಿಗೆ 20 ಮಾತ್ರೆ, ಎಲ್ಲವೂ ನಾಲ್ಕು ಮಾತ್ರೆಯ ಗಣಗಳು (ಗುಂಪುಗಳು). 13 ಬಂತೇ? ಮೊದಲು ಒತ್ತು ನೋಡಿ. ಆಮೇಲೆ ಶಿಥಿಲದ್ವಿತ್ವ, ಅಂದರೆ ಒತ್ತನ್ನು ಒತ್ತದೆ ತೇಲಿಸಿ ಉಚ್ಚರಿಸುವ ಒತ್ತಕ್ಷರ, ಇದೆಯೇ ನೋಡಿ. ಅಂಥ ಕಡೆ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. 2 ಮತ್ತು 4ನೇ ಸಾಲಿನ ಮೂರನೇ ಗಣ ಜಗಣ (ಲಘು-ಗುರು-ಲಘು) ಅಥವಾ ಸರ್ವಲಘು (ನಾಲ್ಕೂ ಲಘು) ಆಗಿರಲೇಬೇಕು. ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಓದಿಗೆ ಜೊತೆ ಬೇಕೆಂದಿರಲ್ಲ, ಅದಕ್ಕೆ ವಾಟ್ಸಾಪ್‌ನಲ್ಲಿ ಮೂರ್ನಾಲ್ಕು ಜನ ಸಾಕು. ದೊಡ್ಡ ಗುಂಪಿನ ಶುಭೋದಯದ ಚಿತ್ರಗಳ ನಡುವೆ ಪ್ರಶ್ನೆ ಮುಳುಗಿಹೋಗುತ್ತದೆ. ದಿನಕ್ಕೊಂದು ಪದ್ಯ. ಪ್ರಸ್ತಾರ ಹಾಕಿದ (ಗುರು-ಲಘು ಗುರುತು ಹಾಕಿದ) ಪುಟದ ಫೋಟೊ ಕಳಿಸಿ, ತಡೆದ ಅಕ್ಷರಕ್ಕೆ ಸುತ್ತು ಹಾಕಿ. ‘ಅರ್ಥವಾಗಲಿಲ್ಲ’ ಎಂದರೆ ಯಾರಿಗೂ ಉತ್ತರಿಸಲಾಗದು. ‘ಈ 7ನೇ ಅಕ್ಷರ ಗುರುವೋ ಲಘುವೋ’ ಎಂದರೆ ಬೇಗ ಉತ್ತರ ಬರುತ್ತದೆ, ಮರುದಿನ ಮತ್ತೆ ಕೂರಲು ಅದೇ ಬಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ವಿಡಿಯೊ ಕರೆ ನಂಬಬೇಡಿ. ಪದ್ಯ ಓದಿ ವಾಯ್ಸ್ ಮೆಸೇಜ್ ಮಾಡಿಡಿ, ಸಿಗ್ನಲ್ ಬಂದಾಗ ಹೋಗುತ್ತದೆ.

ಶಿವಮೊಗ್ಗದ ಪಕ್ಕ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ವಾಚನವಿದ್ದರೆ ಪುಸ್ತಕ ಹಿಡಿದು ಹೋಗಿ, ಗಮಕಿಗಳು ಪದ ಒಡೆಯುವ ಕಡೆಗಳಲ್ಲಿ ಪೆನ್ಸಿಲ್‌ನಿಂದ ಗೀರು ಹಾಕಿಕೊಳ್ಳಿ.