ಒಬ್ಬರೇ ಹೊತ್ತ ಶಾಲೆ: ಒಬ್ಬ ಮುಖ್ಯ ಶಿಕ್ಷಕಿಯ ಪ್ರಕರಣ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗಾಟ. ನೌಕರಿ ಬಿಟ್ಟುಬಿಡಲಾ ಎಂದು ಕೇಳಲು ನನ್ನ ಬಳಿ ಬಂದಿದ್ದರು.

ಆ ಶಾಲೆಗೆ ಬಂದ ವರ್ಷವೇ ಓದುವ ಮೂಲೆ, ಗೋಡೆ ಪತ್ರಿಕೆ, ಸಂಜೆ ತರಗತಿ, ಪೋಷಕರ ಸಭೆ ಎಲ್ಲಾ ಶುರು ಮಾಡಿದ್ದರು. ಸಹಶಿಕ್ಷಕರು ಎದುರು ಮಾತಾಡಲಿಲ್ಲ, ಕೈಯನ್ನೂ ಜೋಡಿಸಲಿಲ್ಲ. "ಇದೂ ಒಂದು ವರ್ಷ ಮೇಡಂ, ಆಮೇಲೆ ಹೊಸದು ಬರುತ್ತೆ" ಎಂದರಂತೆ ಹಿರಿಯ ಮೇಷ್ಟ್ರು. ಇವರು ಒಂದು ವಾರ ರಜೆ ಹಾಕಿದಾಗ ಎಲ್ಲವೂ ನಿಂತುಹೋಯಿತು. "ಅವರಿಗೆ ಮಕ್ಕಳ ಮೇಲೆ ಕಾಳಜಿನೇ ಇಲ್ಲ" ಎಂದು ಅತ್ತರು.

ನನಗೆ ಹಾಗನಿಸಲಿಲ್ಲ. ಚೈತನ್ಯ ತರಬೇತಿ, ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ), ಕಲಿಕಾ ಚೇತರಿಕೆ ಎಂದು ಇಲಾಖೆಯ ಕಾರ್ಯಕ್ರಮಗಳು ಒಂದಾದ ಮೇಲೊಂದು ಬಂದದ್ದನ್ನು ನೋಡಿದ ಮೇಷ್ಟ್ರು ಅವರು, ಒಂದು ಕೈಗೆ ಹತ್ತುವಷ್ಟರಲ್ಲಿ ಇನ್ನೊಂದರ ಸುತ್ತೋಲೆ ಬಂದರೆ ಯಾರಾದರೂ ಸುಮ್ನೆ ಕಾದು ನೋಡುತ್ತಾರೆ, ಅಲ್ವಾ?

ಇವರು ನಲಿಕಲಿ ತರಗತಿ (ಸಣ್ಣ ಮಕ್ಕಳು ಚಟುವಟಿಕೆ ಮಾಡುತ್ತ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ನಡೆಸಿದವರು, ಹಾಗಾಗಿ ಅದರ ಮಾತು ತೆಗೆದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಚರ್ಚೆ ಮಾಡಿ ಕಲಿಕೆಯ ಕಾರ್ಡು, ಒಂದಾದ ಮೇಲೊಂದು ಏನು ಕಲಿಯಬೇಕೆಂದು ತೋರಿಸುವ ಕಲಿಕಾ ಏಣಿ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹೋದಾಗ ಕಾರ್ಡು ಸಿದ್ಧವಾಗಿಯೇ ಬಂತು, ಆ ಚರ್ಚೆ ಬರಲಿಲ್ಲ. "ಹೌದು, ನಮಗೆ ಬಂದದ್ದು ಕಿಟ್ ಮಾತ್ರ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಾನೂ ಅವರಿಗೆ ಕಿಟ್ಟೇ ಕೊಟ್ಟೆನಾ?" ಎಂದು ಕೇಳಿದರು.

ನಾನು ಹೇಳಿದ್ದು ಇಷ್ಟು. ಈ ವರ್ಷ ಹೊಸದೇನೂ ಬೇಡ, ಸಂಜೆ ತರಗತಿಯನ್ನೂ ಸದ್ಯಕ್ಕೆ ಬಿಡಿ. ನಿಮ್ಮ ತರಗತಿಯಲ್ಲಿ ಯಾವುದು ಜಾಸ್ತಿ ಕಾಡುತ್ತಿದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಹಿರಿಯ ಮೇಷ್ಟ್ರನ್ನು ಮೊದಲು ಕೇಳಿ, ಮತ್ತೆ ಅವರು ಹೇಳುವಾಗ ಪರಿಹಾರ ಕೊಡಲು ಹೋಗಬೇಡಿ. ಅವರ ಪಾಠ ನೋಡಲು ಹೋಗುವ ಮೊದಲು ನಿಮ್ಮ ಪಾಠ ನೋಡಲು ಅವರನ್ನು ಕರೆಯಿರಿ. ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿ, ಅಲ್ಲಿ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿಯ ಮಾತು ಬೇಡ. ಊಟವಾದ ಮೇಲೆ ಇಲಾಖೆಯ ವಾಟ್ಸಾಪ್ ಗುಂಪು ತೆರೆಯಬೇಡಿ. ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ಕಾಣಲೇಬೇಕು.

ಇವರು ಹೋಗಿ ಕೇಳಿದಾಗ ಹಿರಿಯ ಮೇಷ್ಟ್ರು ಹೇಳಿದ್ದು ಹತ್ತರ ಸ್ಥಾನದಿಂದ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ನಾಲ್ಕನೇ ತರಗತಿಯ ಮಕ್ಕಳೂ ಅಲ್ಲಿ ಎಡವುತ್ತಾರಂತೆ. ಈಗ ಮೂವರು ಶಿಕ್ಷಕರು ಹತ್ತು ಹತ್ತು ಕಡ್ಡಿಗಳ ಕಟ್ಟು ಇಟ್ಟುಕೊಂಡು ಅದೊಂದನ್ನೇ ಹಿಡಿದಿದ್ದಾರೆ. ಇಬ್ಬರು ಇನ್ನೂ ದೂರವೇ ಇದ್ದಾರೆ, ಅವರನ್ನು ಒತ್ತಾಯಿಸಬೇಡಿ ಎಂದಿದ್ದೇನೆ. ನಿದ್ದೆ ಸ್ವಲ್ಪ ಸುಧಾರಿಸಿದೆ. "ನನಗೆ ವರ್ಗಾವಣೆ ಆದರೆ ಏನು ಗತಿ" ಎಂಬ ಭಯ ಮಾತ್ರ ಇವರಿಗೆ ಹೋಗಿಲ್ಲ. ಅದಕ್ಕೇ ಶನಿವಾರದ ಸಭೆಯನ್ನು ಸರದಿಯ ಮೇಲೆ ಒಬ್ಬೊಬ್ಬರು ನಡೆಸುತ್ತಾರೆ, ಮುಂದಿನ ತಿಂಗಳು ಒಂದು ಶನಿವಾರ ಇವರು ಬೇಕೆಂದೇ ಅದಕ್ಕೆ ಹೋಗುವುದಿಲ್ಲ.